ಬಾಡಿಗೆ ಮನೆಯ ಹಳೇ ಗೀಸರ್ ಬದಲಿಸುವುದು ಹೇಗೆ?

ಬಿಳಿ ಬಕೆಟ್‌ಗೆ ಬಿಸಿನೀರು ಬಿಟ್ಟಾಗ ನೀರು ತೆಳು ಟೀ ಬಣ್ಣಕ್ಕೆ ಬರುತ್ತಿದೆಯಾ? ಅದೇ ಹೊತ್ತಿಗೆ ತಣ್ಣೀರಿನ ನಲ್ಲಿಯನ್ನೂ ಬಿಟ್ಟು ನೋಡಿ. ಅಲ್ಲೂ ಹಾಗೇ ಇದ್ದರೆ ತೊಂದರೆ ಪೈಪಿನದೋ ಮಹಡಿ ಮೇಲಿನ ಟ್ಯಾಂಕಿಯದೋ ಇರಬೇಕು. ಬಿಸಿನೀರು ಮಾತ್ರ ಕೆಂಪಗಿದ್ದರೆ ಗೀಸರ್ ಒಳಗೆ ತುಕ್ಕು ಹಿಡಿದಿದೆ.

ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಫ್ಲಾಟಿನಲ್ಲಿ ಶುರುವಾಗಿದ್ದು ಹೀಗೆಯೇ. ಆಮೇಲೆ ನೀರು ಕಾಯುವಾಗ ಗುಡುಗುಡು ಸದ್ದು. ಕೊನೆಗೆ ಒಂದು ಬೆಳಗ್ಗೆ ನಲ್ಲಿ ಮುಟ್ಟಿದ ಮಗಳ ಕೈ ಜುಮ್ ಅಂತು. ಅವತ್ತೇ ಮೇನ್ ಬೋರ್ಡಿನ ಎಂಸಿಬಿ (ಗೀಸರ್ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿದೆವು. ಹೊಸದು ಬರುವವರೆಗೂ ಸ್ನಾನದ ನೀರು ಕಾದಿದ್ದು ಸ್ಟೌ ಮೇಲೆ. ನಿಮ್ಮನೆಯಲ್ಲೂ ನಲ್ಲಿ ಜುಮ್ ಅಂದರೆ ದಯವಿಟ್ಟು ನಾಳೆ ನೋಡೋಣ ಅನ್ನಬೇಡಿ.

ಎಲ್ಲ ತೊಂದರೆಗೂ ಹೊಸ ಗೀಸರ್ ಬೇಕಾಗಿಲ್ಲ. ನೀರು ಬಿಸಿಯಾಗದಿದ್ದರೆ ನೀರು ಕಾಯಿಸುವ ಕಾಯಿಲೋ ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟೋ ಹೋಗಿರುತ್ತದೆ, ಅದನ್ನು ಬದಲಿಸಿದರೆ ಸಾಕು. ಗೀಸರಿನ ಒಳಗಿನ ಟ್ಯಾಂಕೇ ಸೋರುತ್ತಿದ್ದರೆ ಮಾತ್ರ ರಿಪೇರಿಗೆ ದುಡ್ಡು ಸುರಿಯುವುದು ಸುಮ್ನೆ.

ಮೊದಲು ಓನರ್ ಜೊತೆ ಮಾತು

ಗೀಸರ್ ಓನರ್‌ದು, ಗೋಡೆಯೂ ಅವರದು. ಅವರನ್ನು ಕೇಳದೆ ಒಂದು ತೂತೂ ಕೊರೆಸಬೇಡಿ. ಬಾಡಿಗೆ ಕರಾರು ತೆಗೆದು ಓದಿ, ಗೀಸರ್, ಫ್ಯಾನ್, ಲೈಟುಗಳ ಪಟ್ಟಿ ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ ಬರುತ್ತದೆ, ದೊಡ್ಡ ವೈರಿಂಗ್ ಕೆಲಸ ಮಾಲೀಕರ ಪಾಲಿಗೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಮಾತ್ರ ಕಾನೂನು. ಹಾಗಾಗಿ ನಿಮ್ಮ ಕರಾರಿನಲ್ಲಿ ಏನು ಬರೆದಿದೆ ಅನ್ನೋದೇ ಮುಖ್ಯ. ಅಲ್ಲಿ ಏನೂ ಇಲ್ಲದಿದ್ದರೆ ನನ್ನ ಮಟ್ಟಿಗೆ ನ್ಯಾಯ ಇಷ್ಟೇ: ಸಣ್ಣ ರಿಪೇರಿ ನಮ್ಮದು, ಹಳತಾಗಿ ಟ್ಯಾಂಕೇ ಹೋದರೆ ಹೊಸದು ಓನರ್‌ದು.

ಫೋನಿನಲ್ಲಿ ಮಾತಾಡಿದ ಮೇಲೂ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಡಿ. ಸೋರುವ ಜಾಗದ ಫೋಟೊ, ಗೀಸರ್ ಮೈಮೇಲಿನ ಲೇಬಲ್ಲಿನ ಫೋಟೊ (ತಯಾರಾದ ವರ್ಷ ಅದರಲ್ಲೇ ಇರುತ್ತದೆ), ಅಂಗಡಿಯವರು ಹೇಳಿದ ರೇಟು, ಯಾರು ಕೊಡುತ್ತಾರೆ, ಬಾಡಿಗೆಯಲ್ಲಿ ಮುರಿದುಕೊಳ್ಳುವುದಾದರೆ ಯಾವ ತಿಂಗಳು, ಎಲ್ಲವೂ ಅದರಲ್ಲಿರಲಿ. "ಸರಿ" ಅಂತ ಒಂದು ಉತ್ತರ ಬಂದರೂ ಸಾಕು, ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕದಲ್ಲಿ ಜಗಳ ಇರುವುದಿಲ್ಲ. ನೀವೇ ದುಡ್ಡು ಹಾಕುವುದಾದರೆ ಹೋಗುವಾಗ ಗೀಸರ್ ಬಿಚ್ಚಿಕೊಂಡು ಹೋಗಬಹುದಾ ಅಂತಲೂ ಈಗಲೇ ಕೇಳಿಬಿಡಿ.

ಯಾವುದು ತರಬೇಕು?

ನಾಲ್ಕು ಜನರ ಮನೆಯಲ್ಲಿ ಬಕೆಟ್ ಸ್ನಾನಕ್ಕೆ 15 ಲೀಟರ್ ಸಾಕು. ಶವರ್ ಇದ್ದರೆ 25 ಲೀಟರ್ ನೋಡಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಕರೆಂಟ್ ಬೇಕು, 2000 ವಾಟಿನ ಕಾಯಿಲ್ ಆದರೆ ಹೆಚ್ಚುಕಡಿಮೆ 20 ನಿಮಿಷ. ಸ್ಟಾರ್ ರೇಟಿಂಗ್ ಹೇಳುವುದು ಕಾದ ನೀರು ಸುಮ್ನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಅಂತ. ಅರ್ಧ ಗಂಟೆ ಹಾಕಿ ಆರಿಸುವವರಿಗೆ ಅದರಿಂದ ಉಳಿಯುವುದು ಕಮ್ಮಿ, ದಿನವಿಡೀ ಆನ್ ಇಡುವವರಿಗೆ ಜಾಸ್ತಿ. ಎತ್ತರದ ಅಪಾರ್ಟ್‌ಮೆಂಟ್ ಆಗಿದ್ದರೆ, ಇಲ್ಲವೇ ಪ್ರೆಶರ್ ಪಂಪ್ ಇದ್ದರೆ, 8 ಬಾರ್ ಒತ್ತಡ ತಡೆಯುವ ಮಾಡೆಲ್ಲೇ ಕೇಳಿ.

ಕಡಿಮೆ ಖರ್ಚು ಅಂತ ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಮಾತ್ರ ಹಾಕಿಸಬೇಡಿ. ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹಾಗೇ ಕುಸಿದು ಸತ್ತ ಸುದ್ದಿಯನ್ನು ನಮ್ಮೂರಲ್ಲೇ ಎಷ್ಟು ಸಲ ಓದಿದ್ದೇವೆ ಅಲ್ವಾ.

ಅರ್ಥ್ ನೋಡದೆ ಮುಂದೆ ಹೋಗಬೇಡಿ

ಬಾಕ್ಸ್ ಒಡೆಯುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಬರೀ ಪ್ಲಂಬರ್ ಸಾಲದು. 2000 ವಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್, ಹಾಗಾಗಿ 16 ಆಂಪಿಯರ್ ಸಾಕೆಟ್ಟೇ ಬೇಕು. ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ನಿಜವಾಗಿ ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಬರುತ್ತಿದೆಯಾ ಅಂತ ಅವರಿಂದ ಅಳೆಸಿ. ನಮ್ಮ ಮನೆಯ ಸಾಕೆಟ್ಟಿಗೆ ಹಸಿರು ವೈರ್ ಬಂದಿತ್ತು, ಆದರೆ ಆ ಕಡೆ ಮೇನ್ ಬೋರ್ಡಿನಲ್ಲಿ ಅದನ್ನು ಯಾವುದಕ್ಕೂ ಸೇರಿಸಿರಲೇ ಇಲ್ಲ! ಮಗಳ ಕೈಗೆ ಶಾಕ್ ಹೊಡೆದದ್ದು ಅದಕ್ಕೇ. ಹಾಗೇ ಬಿಟ್ಟು ಹೊಸ ಗೀಸರ್ ಹಾಕಿದ್ದರೂ ಅಪಾಯ ಅಲ್ಲೇ ಇರುತ್ತಿತ್ತು. ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಟಪ್ ಅಂತ ಬೀಳಬೇಕು. ಆರ್‌ಸಿಸಿಬಿಯೇ ಇಲ್ಲದಿದ್ದರೆ ಹಾಕಿಸಲು ಓನರ್‌ಗೆ ಹೇಳಿ.

ಬಿಚ್ಚುವುದು, ಕೂರಿಸುವುದು

ಎಂಸಿಬಿ ಆಫ್ ಮಾಡಿ, ನೀರು ತಣ್ಣಗಾಗಲು ಬಿಡಿ, ಒಳಬರುವ ಪೈಪಿನ ವಾಲ್ವ್ ಮುಚ್ಚಿ. ಬಿಸಿನೀರಿನ ನಲ್ಲಿ ಬಿಟ್ಟರೆ ಟ್ಯಾಂಕ್ ಖಾಲಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಬಿಸಿನೀರು ಹೊರಡುವ ಕೊಳವೆಯ ಬಾಯಿ ಟ್ಯಾಂಕಿನ ಮೇಲ್ತುದಿಯಲ್ಲಿರುತ್ತದೆ. ಆ ನಲ್ಲಿಯನ್ನು ಗಾಳಿ ಹೋಗಲಿ ಅಂತ ತೆರೆದಿಟ್ಟು, ತಣ್ಣೀರಿನ ಕಡೆಯ ಸೇಫ್ಟಿ ವಾಲ್ವಿನ (ಒಳಗೆ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ವಾಲ್ವ್) ಲಿವರ್ ಎತ್ತಿ ಬಕೆಟ್ ಹಿಡಿಯಿರಿ. ಇಳಿಸುವಾಗ ಇಬ್ಬರಿರಲಿ.

ಹಳೇ ಕೊಕ್ಕೆಯ ಅಳತೆ ಹೊಸದಕ್ಕೆ ಕೂರದೇ ಇರಬಹುದು. 25 ಲೀಟರಿನದು ನೀರು ತುಂಬಿದಾಗ 35 ಕಿಲೋ ತೂಗುತ್ತದೆ, ಟೊಳ್ಳು ಇಟ್ಟಿಗೆಯ ಗೋಡೆಯಾದರೆ ಅದಕ್ಕೆ ತಕ್ಕ ಬೋಲ್ಟ್ ಕೇಳಿ. ನೀಲಿ ಗುರುತು ತಣ್ಣೀರಿಗೆ, ಕೆಂಪು ಬಿಸಿನೀರಿಗೆ. ಬಾಕ್ಸ್‌ನಲ್ಲಿ ಬಂದ ಸೇಫ್ಟಿ ವಾಲ್ವನ್ನು ನೀಲಿ ಕಡೆಗೇ ಹಾಕಿದರಾ ಅಂತ ನಿಂತು ನೋಡಿ.

ಮೊದಲು ನೀರು, ಆಮೇಲೆ ಕರೆಂಟ್. ಬಿಸಿನೀರಿನ ನಲ್ಲಿ ತೆರೆದಿಡಿ. ಮೊದಲು ಬುಸ್‌ಬುಸ್ ಅಂತ ಗಾಳಿ ಬರುತ್ತದೆ. ಆಮೇಲೆ ಧಾರೆ ಕಡಿಯದೆ ಸುರಿಯಬೇಕು, ಆಗ ಮಾತ್ರ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ, ಬಿಸಿಯಾದ ನೀರು ಹಿಗ್ಗುತ್ತದೆ. ಆ ತೂತನ್ನು ಮಾತ್ರ ಯಾವತ್ತೂ ಮುಚ್ಚಬೇಡಿ.

ಬಿಲ್ಲು, ವಾರಂಟಿ ಕಾರ್ಡಿನ ಫೋಟೊ ಓನರ್‌ಗೂ ಕಳಿಸಿ. ಹಳೇ ಗೀಸರ್ ಅವರದೇ, ಗುಜರಿಗೆ ಹಾಕುವ ಮುಂಚೆ ಕೇಳಿ.

ನಮ್ಮ ಹಳೇದನ್ನು ಬಿಚ್ಚಿಸಿ ನೋಡಿದೆ. ಬೋರ್‌ವೆಲ್ ನೀರಿನ ಸುಣ್ಣ ಒಂದು ಚೊಂಬಿನಷ್ಟು ಚೂರುಚೂರಾಗಿ ಸುರಿಯಿತು. ಟ್ಯಾಂಕಿನ ಬದಲು ತಾನು ಸವೆಯಲಿ ಅಂತ ಇಟ್ಟಿರುವ ಮೆಗ್ನೀಸಿಯಂ ರಾಡ್ ಬೆರಳು ದಪ್ಪ ಇರಬೇಕಿತ್ತು, ಉಳಿದಿದ್ದು ನಡುವಿನ ತಂತಿ ಮಾತ್ರ, ಉರಿದು ಮುಗಿದ ಸುರುಸುರುಬತ್ತಿಯ ಕಡ್ಡಿಯ ಹಾಗೆ. ಗಡಸು ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ಸರ್ವಿಸ್‌ನವರಿಂದ ಆ ರಾಡ್ ತೆಗೆಸಿ ನೋಡಿ.