ಮಳೆನೀರಿನ ಆಮ್ಲ ಎಲ್ಲಿಂದ ಬಂತು? ನಾನು ಹುಡುಕಿದ ಬಗೆ

ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಒಂದನ್ನೇ ನೋಡಿ ಮಳೆನೀರು ಚೆನ್ನಾಗಿದೆ ಅಂತ ತೀರ್ಮಾನಿಸಬೇಡಿ. ಎರಡು ಮಳೆಗಾಲ ಒಂದೊಂದು ಮಳೆಯ ನೀರನ್ನೂ ಬೇರೆ ಬೇರೆಯಾಗಿ ಹಿಡಿದು ಅಳೆದ ಮೇಲೆ ನನಗೆ ಇದು ಗಟ್ಟಿಯಾಯಿತು. ಗಾಳಿಯ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿದ ನೀರಿನ ಪಿಎಚ್ ಸುಮಾರು 5.6. ನನ್ನ ಎಷ್ಟೋ ಮಾದರಿಗಳು 6 ದಾಟಿದ್ದವು. ಆದರೂ ಅವುಗಳಲ್ಲಿ ಆಮ್ಲದ ಗುರುತಾದ ಸಲ್ಫೇಟ್, ನೈಟ್ರೇಟ್ ಜಾಸ್ತಿಯೇ ಇತ್ತು. ಮಣ್ಣಿನ ಧೂಳಿನ ಕ್ಯಾಲ್ಸಿಯಂ, ಗೊಬ್ಬರದಿಂದ ಏಳುವ ಅಮೋನಿಯಾ ಸೇರಿ ಆಮ್ಲವನ್ನು ತಟಸ್ಥ ಮಾಡಿದ್ದವು, ಅಷ್ಟೇ.

ಲೆಕ್ಕಕ್ಕೆ ಕೂರುವ ಮೊದಲು ನೀರಿನಲ್ಲಿ ಕರಗಿದ ಧನ ಅಯಾನು, ಋಣ ಅಯಾನುಗಳ (ವಿದ್ಯುದಾವೇಶ ಇರುವ ಕಣಗಳು) ಆವೇಶದ ಮೊತ್ತ ಹೊಂದುತ್ತದಾ ನೋಡಿ. ಪಿಎಚ್ ಹೆಚ್ಚಿದ್ದರೆ ಬೈಕಾರ್ಬೊನೇಟನ್ನೂ ಸೇರಿಸಬೇಕು. ಪಿಎಚ್‌ಗಳ ಸರಾಸರಿಯನ್ನು ನೇರವಾಗಿ ತೆಗೆಯಬಾರದು. 4 ಮತ್ತು 6ರ ಸರಾಸರಿ 5 ಅಲ್ಲ, ಸಮ ಪ್ರಮಾಣದ ಮಳೆಯಾದರೆ ಹೈಡ್ರೋಜನ್ ಅಯಾನಿನ ಲೆಕ್ಕದಲ್ಲಿ ಅದು 4.3 ಆಗುತ್ತದೆ.

ಆಮೇಲೆ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಮಾಡಿದೆ, ಅಂದರೆ ಒಟ್ಟಿಗೆ ಏರಿಳಿಯುವ ಅಯಾನುಗಳನ್ನು ಕೆಲವೇ ಘಟಕಗಳಾಗಿ ಗುಂಪು ಮಾಡುವ ಲೆಕ್ಕ. ಮೊದಲ ಘಟಕದಲ್ಲೇ ಹೆಚ್ಚುಕಮ್ಮಿ ಎಲ್ಲ ಅಯಾನುಗಳೂ ಬಂದು ಕೂತವು. ಇದು ಯಾವುದೋ ದೊಡ್ಡ ಮೂಲ ಅಂತಲೇ ನಂಬಿದ್ದೆ. ಆದರೆ ಆ ಘಟಕದ ಅಂಕಗಳನ್ನು ಮಳೆಯ ಪ್ರಮಾಣದ ಎದುರು ಗ್ರಾಫ್ ಹಾಕಿದಾಗ ವಿಷಯ ತಿಳಿಯಿತು: ತುಂತುರು ಮಳೆಯಲ್ಲಿ ಎಲ್ಲವೂ ದಟ್ಟ, ಜೋರು ಮಳೆಯಲ್ಲಿ ಎಲ್ಲವೂ ತೆಳು, ಅಂದರೆ ನಾನು ನೋಡುತ್ತಿದ್ದದ್ದು ಮಾಲಿನ್ಯದ ಮೂಲವನ್ನಲ್ಲ, ನೀರು ಬೆರೆತದ್ದನ್ನು. ಹಾಗಾಗಿ ಪ್ರತಿ ಅಯಾನಿನ ಲಾಗ್ ಬೆಲೆಯಿಂದ ಮಳೆ ಪ್ರಮಾಣದ ಪ್ರಭಾವವನ್ನು ರಿಗ್ರೆಷನ್ (ಒಂದು ಅಳತೆಯಿಂದ ಇನ್ನೊಂದನ್ನು ಊಹಿಸುವ ಲೆಕ್ಕ) ಮೂಲಕ ತೆಗೆದು, ಉಳಿದದ್ದರ ಮೇಲೆ ಮತ್ತೆ ವಿಶ್ಲೇಷಣೆ ಮಾಡಿದೆ. ಈಗ ಗುಂಪುಗಳು ಬಿಡಿಸಿಕೊಂಡವು. ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ ಒಟ್ಟಿಗೆ ಬಂದವು, ಅದು ಸಮುದ್ರದ ಉಪ್ಪು. ಕ್ಯಾಲ್ಸಿಯಂ ಬೇರೆ ನಿಂತಿತು, ಅದು ಧೂಳು. ಸಲ್ಫೇಟ್, ನೈಟ್ರೇಟ್ ಜೊತೆಯಾದವು, ಅದು ಇಂಧನ ಸುಡುವುದರಿಂದ ಬಂದದ್ದು. ಸಮುದ್ರದಿಂದಲೂ ಸ್ವಲ್ಪ ಸಲ್ಫೇಟ್ ಬರುತ್ತದೆ, ಅದನ್ನು ಮೊದಲೇ ಕಳೆಯಬೇಕು: ಈಕ್ವಿವೆಲೆಂಟ್ ಲೆಕ್ಕದಲ್ಲಿ (ತೂಕದ ಬದಲು ವಿದ್ಯುದಾವೇಶವನ್ನು ಎಣಿಸುವ ಲೆಕ್ಕ) ಸೋಡಿಯಂನ ಸುಮಾರು 0.12 ಪಟ್ಟು.

ಇನ್ನೊಂದು ಕಡೆ ಹುಷಾರಾಗಿರಿ. ಹೈಡ್ರೋಜನ್ ಅಯಾನನ್ನು ಉಳಿದ ಎಲ್ಲ ಅಯಾನುಗಳಿಂದ ಊಹಿಸುವ ರಿಗ್ರೆಷನ್ ಬಹಳ ಚೆನ್ನಾಗಿ ಹೊಂದುತ್ತದೆ. ಹೊಂದಲೇಬೇಕಲ್ವಾ, ವಿದ್ಯುದಾವೇಶ ಸಮ ಇರಬೇಕಾದ್ದು ಪ್ರಕೃತಿಯ ನಿಯಮ. ಅದರಿಂದ ಮೂಲದ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಗುಂಪಿಗೆ ಹೆಸರು ಕೊಡುವ ಕೆಲಸವನ್ನು ಗಣಿತ ಮಾಡಿಕೊಡುವುದಿಲ್ಲ. ಪೊಟ್ಯಾಸಿಯಂ ಧೂಳಿನಿಂದಲೂ ಬರುತ್ತದೆ, ಕಟ್ಟಿಗೆ, ಹುಲ್ಲು ಸುಟ್ಟ ಹೊಗೆಯಿಂದಲೂ ಬರುತ್ತದೆ. ನಾನು ಆಯಾ ದಿನದ ಗಾಳಿಯ ದಿಕ್ಕು, ಹಿಂದಿನ ಎರಡು ಮೂರು ದಿನ ಗಾಳಿ ಸಾಗಿ ಬಂದ ದಾರಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದ ಮೇಲೆಯೇ ಅದಕ್ಕೆ ಹೊಗೆ ಅಂತ ಬರೆದೆ.