ಮೂರು ಗಂಟೆ ಕಾದ ಸಿರಿಂಜು: ಅರ್ಧಾಯು ಕಲಿತ ನನ್ನ ಅನುಭವ

ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞನಾಗಿ ಸೇರಿದ ಮೊದಲ ತಿಂಗಳಲ್ಲೇ, ಪರೀಕ್ಷೆಗೆಂದು ಉರುಹೊಡೆದಿದ್ದ ಅರ್ಧಾಯು (ವಿಕಿರಣಶೀಲ ವಸ್ತುವಿನ ಅರ್ಧ ಪಾಲು ಕ್ಷಯಿಸಲು, ಅಂದರೆ ವಿಕಿರಣ ಸೂಸಿ ಬದಲಾಗಲು, ಹಿಡಿಯುವ ಸಮಯ) ನನಗೆ ಅರ್ಥವೇ ಆಗಿರಲಿಲ್ಲವೆಂಬುದು ಬಯಲಾಯಿತು. ಮೂಳೆ ಸ್ಕ್ಯಾನಿಗಾಗಿ ಬೆಳಿಗ್ಗೆ ಎಂಟಕ್ಕೆ 740 ಮೆಗಾಬೆಕೆರೆಲ್ (ಒಂದು ಮೆಗಾಬೆಕೆರೆಲ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಪರಮಾಣುಗಳ ಕ್ಷಯ) ವಿಕಿರಣಶೀಲ ಟೆಕ್ನೀಶಿಯಂ-99ಎಂ ತುಂಬಿ ಸೀಸದ ಕವಚದಲ್ಲಿಟ್ಟಿದ್ದ ಸಿರಿಂಜು, ರೋಗಿಗೆ ಬಸ್ಸು ತಪ್ಪಿದ್ದರಿಂದ ಹನ್ನೊಂದರವರೆಗೂ ಹಾಗೆಯೇ ಉಳಿಯಿತು. ಇದರ ಅರ್ಧಾಯು ಆರು ಗಂಟೆ. ಆರು ಗಂಟೆಗೆ ಅರ್ಧ ಹೋದರೆ ಮೂರಕ್ಕೆ ಕಾಲು ಭಾಗ ಹೋಗಬೇಕೆಂದು ಎಣಿಸಿ, ರಿಜಿಸ್ಟರಿನಲ್ಲಿ 555 ಎಂದು ಬರೆಯಹೊರಟೆ. "ಮೊದಲು ಅಳೆಯಿರಿ, ಆಮೇಲೆ ಬರೆಯಿರಿ" ಎಂದರು ಹಿರಿಯರು. ವಿಕಿರಣದ ಪ್ರಮಾಣ ಅಳೆಯುವ ಡೋಸ್ ಕ್ಯಾಲಿಬ್ರೇಟರಿನ ಬಾವಿಯಂಥ ಕುಳಿಗೆ ಇಳಿಸಿದಾಗ ಅಂಕಿ 523ರ ಆಸುಪಾಸಿನಲ್ಲಿ ಅಲುಗಾಡುತ್ತಾ ನಿಂತಿತು.

ನನ್ನ ತಪ್ಪು ಕಳೆಯುವ ಲೆಕ್ಕ ಹಾಕಿದ್ದು. ಸಮನಾದ ಅವಧಿಯಲ್ಲಿ ಕ್ಷಯಿಸುವುದು ಸಮನಾದ ಮೊತ್ತವಲ್ಲ, ಆಗ ಉಳಿದಿರುವುದರ ಸಮನಾದ ಪಾಲು. ಮೂರು ಗಂಟೆಗೆ ಮುಕ್ಕಾಲು ಉಳಿಯುವುದಾದರೆ, ಮುಂದಿನ ಮೂರು ಗಂಟೆಗೆ ಆ ಮುಕ್ಕಾಲಿನ ಮುಕ್ಕಾಲು, ಅಂದರೆ ಹದಿನಾರರಲ್ಲಿ ಒಂಬತ್ತು ಪಾಲು ಉಳಿಯಬೇಕಾಗುತ್ತದೆಯೇ ಹೊರತು ಅರ್ಧವಲ್ಲ. ತನ್ನನ್ನೇ ತಾನು ಗುಣಿಸಿದಾಗ ಅರ್ಧ ಬರುವ ಸಂಖ್ಯೆ 0.707, 740ರ ಅಷ್ಟು ಪಾಲೇ 523. ಅಂದಿನಿಂದ, ಹನ್ನೊಂದಕ್ಕೆ 740 ಬೇಕಿದ್ದರೆ ಎಂಟಕ್ಕೇ ಸುಮಾರು 1,047 ತುಂಬಿಡುತ್ತೇನೆ.

ಆ ಸಿರಿಂಜಿನಲ್ಲಿ ಬೆಳಿಗ್ಗೆ ಎಂಟಕ್ಕೆ ಇದ್ದ ಟೆಕ್ನೀಶಿಯಂ-99ಎಂ ಪರಮಾಣುಗಳು ಸುಮಾರು 23 ಲಕ್ಷ ಕೋಟಿ, ತೂಕ ಮಾತ್ರ ನಾಲ್ಕು ನ್ಯಾನೋಗ್ರಾಂ. ಸೆಕೆಂಡಿಗೆ 74 ಕೋಟಿ ಪರಮಾಣುಗಳು ಕ್ಷಯಿಸುತ್ತಿದ್ದವು. ಯಾವ ಪರಮಾಣುವಿನ ಸರದಿ ಯಾವಾಗ ಎಂದು ಯಾರೂ ಹೇಳಲಾರರು. ಆದರೆ ಇಷ್ಟು ದೊಡ್ಡ ಗುಂಪಿನಲ್ಲಿ ಅರ್ಧ ಕರಗುವ ಹೊತ್ತು ತಪ್ಪುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ನಿಧಾನವಾಗುವುದೇ ಎಂದು ಹೊಸಬರು ಕೇಳುವುದುಂಟು (ನಾನೂ ಕೇಳಿದ್ದೆ); ಕ್ಷಯ ನಡೆಯುವುದು ಪರಮಾಣುವಿನ ಬೀಜಕೇಂದ್ರದಲ್ಲಿ (ನ್ಯೂಕ್ಲಿಯಸ್), ಅದಕ್ಕೆ ಆ ತಣ್ಣಗಿನ ಗೊಡವೆಯೇ ಇಲ್ಲ.

ಇಷ್ಟು ಬೇಗ ಕರಗುವುದನ್ನು ದೂರದಿಂದ ತರಿಸಿ ಕೂಡಿಡುವಂತಿಲ್ಲವಾದ್ದರಿಂದ, 66 ಗಂಟೆ ಅರ್ಧಾಯುವಿನ ಮಾಲಿಬ್ಡಿನಂ-99 ಇರುವ ಜನರೇಟರನ್ನು ತರಿಸುತ್ತೇವೆ. ಅದರೊಳಗಿನ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತುಂಬಿದ ಕೊಳವೆಯ ಮೂಲಕ ಸಲೈನ್ ಹರಿಸಿದರೆ ಮಾಲಿಬ್ಡಿನಂ ಅಲ್ಲಿಯೇ ಅಂಟಿಕೊಂಡಿದ್ದು, ಅದರ ಕ್ಷಯದಿಂದ ಹುಟ್ಟಿದ ಟೆಕ್ನೀಶಿಯಂ ಮಾತ್ರ ಶೀಷೆಗೆ ಇಳಿಯುತ್ತದೆ. ಇದಕ್ಕೆ ನಮ್ಮಲ್ಲಿ ಹಾಲು ಕರೆಯುವುದು ಎನ್ನುತ್ತಾರೆ, ಹೋಲಿಕೆ ಸರಿಯಾಗಿಯೇ ಇದೆ: ಕರೆದ ಮೇಲೆ ಕೆಚ್ಚಲು ಮತ್ತೆ ತುಂಬಲು ಸುಮಾರು 23 ಗಂಟೆ ಬೇಕು, ಸೋಮವಾರದ ಹಸು ಶುಕ್ರವಾರಕ್ಕೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಕೊಡುತ್ತದೆ.

ಬಳಸಿದ ಸಿರಿಂಜು, ಹತ್ತಿಗಳನ್ನು ಶುಕ್ರವಾರ ಸಂಜೆ ಆರಕ್ಕೆ ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು ಸೀಸದ ಪೆಟ್ಟಿಗೆಯಲ್ಲಿಡುತ್ತೇನೆ. ಸೋಮವಾರ ಬೆಳಿಗ್ಗೆ ಆರಕ್ಕೆ 60 ಗಂಟೆ, ಅಂದರೆ ಹತ್ತು ಅರ್ಧಾಯು ಕಳೆದು 1,024ರಲ್ಲಿ ಒಂದು ಪಾಲು ಉಳಿದಿರುತ್ತದೆ. ಆದರೂ ಚೀಲವನ್ನು ಹೊರಗೆ ಕೊಡುವ ಮುನ್ನ ವಿಕಿರಣ ಅಳೆಯುವ ಮೀಟರು ಹಿಡಿಯುತ್ತೇನೆ; ಖಾಲಿ ಕೋಣೆಯಲ್ಲಿ ತೋರುವುದಕ್ಕಿಂತ ಮುಳ್ಳು ಮೇಲಿದ್ದರೆ ಚೀಲ ಮತ್ತೆ ಪೆಟ್ಟಿಗೆಗೆ.