ಗೇರ್‌ಬಾಕ್ಸ್ ಎಣ್ಣೆ ಬದಲಿಸುವ ಮುನ್ನ

ಪುಣೆಯಲ್ಲಿ ಆಟೋಮ್ಯಾಟಿಕ್ ಕಾರು ಓಡಿಸುವವರೇ, ‘ಈ ಎಣ್ಣೆ ಕಾರಿನ ಆಯುಷ್ಯವಿಡೀ ಬಾಳುತ್ತದೆ’ ಎಂಬ ಮಾತನ್ನು ನಂಬಿ ಕೂರಬೇಡಿ. ಹಿಂಜವಡಿಯ ದಟ್ಟಣೆಯಲ್ಲಿ ತೆವಳಿ, ಊರಿಗೆ ಹೋಗಿಬರುವಾಗ ಘಾಟ್ ಹತ್ತುವ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಎಣ್ಣೆ ಬೇಗ ಕೆಡುತ್ತದೆ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಎಲ್ಲಕ್ಕಿಂತ ಮುಖ್ಯ ಎಣ್ಣೆಯ ಜಾತಿ. ಸಿವಿಟಿಗೆ, ಅಂದರೆ ಹಲ್ಲಿನ ಗೇರ್‌ಗಳ ಬದಲು ಬೆಲ್ಟ್‌ನಿಂದ ನಡೆಯುವ ಗೇರ್‌ಬಾಕ್ಸ್‌ಗೆ, ಸಿವಿಟಿಯದೇ ಎಣ್ಣೆ ಬೇಕು. ಸಾಮಾನ್ಯ ಎಟಿಎಫ್ (ಗೇರ್‌ಗಳಿರುವ ಆಟೋಮ್ಯಾಟಿಕ್‌ನ ಎಣ್ಣೆ) ಸುರಿದರೆ ಬೆಲ್ಟ್ ಜಾರಿ ಹಾಳಾಗುವ ಅಪಾಯವಿದೆ. ‘ಎಲ್ಲಕ್ಕೂ ಇದೇ ನಡೆಯುತ್ತದೆ’ ಎನ್ನುವ ಮೆಕ್ಯಾನಿಕ್‌ಗೆ ದೂರದಿಂದಲೇ ನಮಸ್ಕಾರ. ಎಣ್ಣೆ ಇಳಿಸುವ ಡ್ರೈನ್ ಪ್ಲಗ್ ಬಿಚ್ಚಿದರೆ ಹಳೆಯದೆಲ್ಲ ಇಳಿಯುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇದ್ದರೆ ಅದರಲ್ಲಿ ಬಹಳಷ್ಟು ಉಳಿಯುತ್ತದೆ. ಇಳಿದದ್ದನ್ನು ಅಳೆದು ಅಷ್ಟೇ ತುಂಬಿಸಿ. ಪ್ಲಗ್‌ಗೆ ಹೊಸ ವಾಷರ್ ಹಾಕಿಸಿ. ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಕೈಪಿಡಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು.